ಭಂಗಾರದ ಊರು: ಪುಣೆಯ ಕಸಕ್ಕೊಂದು ಚರಿತ್ರೆ

ಮರಾಠಿಯಲ್ಲಿ ಗುಜರಿ ಸಾಮಾನಿಗೆ 'ಭಂಗಾರ' ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಬಂಗಾರವೇ. ಊರಿನಿಂದ ಹೊಸದಾಗಿ ಪುಣೆಗೆ ಬಂದವರು ಬೀದಿಯಲ್ಲಿ 'ಭಂಗಾರ್‌ವಾಲೇ' ಎಂಬ ಕೂಗು ಕೇಳಿ, 'ಇಲ್ಲಿ ಬಂಗಾರಾನೂ ಕೈಗಾಡೀಲಿ ಬರ್ತದೇನು?' ಎಂದು ಬೆರಗಾಗುವುದು ಇಲ್ಲಿಯ ಕನ್ನಡಿಗರ ಮನೆಗಳಲ್ಲಿ ಬಹಳ ಹಳೆಯ ನಗೆಮಾತು. ಕಸದ ತೊಟ್ಟಿಗೆ 'ಕಚರಾಕುಂಡಿ' ಅನ್ನುವುದನ್ನು ಕೇಳಿ ನಮ್ಮ ಮಕ್ಕಳು ನಗು ತಡೆಯಲಾರದೆ ಒಳಗೆ ಓಡಿಹೋಗುತ್ತಿದ್ದರು. ಎರಡು ಭಾಷೆಗಳು ಇಷ್ಟು ಹತ್ತಿರ ಕೂತಿದ್ದರೆ ಇಂಥ ಪೇಚು ಸಹಜ.

ಆದರೆ ನಗೆಮಾತಿನಲ್ಲಿ ಒಂದು ನಿಜವೂ ಇತ್ತು. ಈ ಊರಿನ ಸಾವಿರಾರು ಹೆಂಗಸರಿಗೆ ಭಂಗಾರವೇ ಬಂಗಾರ. ನಾವು ಬಿಸಾಡಿದ ಕಾಗದ, ಬಾಟಲಿ, ತಗಡು ಅವರ ಒಲೆ ಉರಿಸುತ್ತಿತ್ತು. ಹಾಗೆ ಉರಿಸುತ್ತ ಅವರು ಊರಿಗೂ ಒಂದು ದೊಡ್ಡ ಉಪಕಾರ ಮಾಡುತ್ತಿದ್ದರು. ಊರು ಅದನ್ನು ಒಪ್ಪಿಕೊಳ್ಳಲು ಬಹಳ ಕಾಲ ತೆಗೆದುಕೊಂಡಿತು. ನಾನು ಇಲ್ಲಿ ಬರೆಯಹೊರಟದ್ದು ಆ ಒಪ್ಪಿಗೆಯ ಕಥೆ. ಕರ್ನಾಟಕದಲ್ಲಿರುವ ಓದುಗರಿಗೆ ಇದನ್ನು ಹೇಳಲು ಕಾರಣವಿದೆ. ಬೆಂಗಳೂರಿನ ಕಸದ ಗಲಾಟೆಯ ಸುದ್ದಿ ಬಂದಾಗಲೆಲ್ಲ ಊರಿನ ಬಂಧುಗಳು ಫೋನಿನಲ್ಲಿ, 'ನಿಮ್ಮ ಪುಣೇದಾಗ ಹೆಂಗ ಮಾಡ್ತಾರ?' ಅಂತ ಕೇಳುತ್ತಾರೆ. ಎರಡು ಮಾತಿನಲ್ಲಿ ಹೇಳುವ ಉತ್ತರ ಇದಲ್ಲ.

ಮೊದಲು ದೂರದ ಒಂದು ಊರಿನ ಮಾತು ಹೇಳಿಬಿಡುತ್ತೇನೆ. ಅಮೆರಿಕದ ನಗರಗಳಲ್ಲಿ 'ರೀಸೈಕ್ಲಿಂಗ್ ಕೋಆರ್ಡಿನೇಟರ್' ಎಂಬ ಹುದ್ದೆ ಇದೆ. ಮರುಬಳಕೆ ಸಂಯೋಜಕ ಅನ್ನಬಹುದು. 1987ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಕಡೆಯ ಕಸ ತುಂಬಿಕೊಂಡು 'ಮೊಬ್ರೊ' ಎಂಬ ಒಂದು ದೋಣಿ ಹೊರಟಿತು. ಯಾವ ಊರೂ ಆ ಕಸವನ್ನು ಇಳಿಸಿಕೊಳ್ಳಲು ಒಪ್ಪದೆ, ಅದು ತಿಂಗಳುಗಟ್ಟಲೆ ಸಮುದ್ರದಲ್ಲಿ ಅಲೆದು ಹೊರಟಲ್ಲಿಗೇ ಮರಳಿತು. ಟಿ.ವಿ.ಯಲ್ಲಿ ಅದನ್ನು ನೋಡಿದ ಜನಕ್ಕೆ ಕಸಕ್ಕೂ ಜಾಗ ಬೇಕು ಎನ್ನುವುದು ಹೊಳೆಯಿತು. ಅದೇ ವರ್ಷ ಪಕ್ಕದ ನ್ಯೂಜೆರ್ಸಿ ರಾಜ್ಯ ಒಂದು ಕಾನೂನು ಮಾಡಿತು. ಮನೆಮನೆಯಲ್ಲಿ ಕಸ ಬೇರ್ಪಡಿಸುವುದು ಕಡ್ಡಾಯ. ಪ್ರತಿ ಪುರಸಭೆಯೂ ಈ ಕೆಲಸಕ್ಕೆ ಒಬ್ಬ ಸಂಯೋಜಕರನ್ನು ಹೆಸರಿಸಲೇಬೇಕು. ಜನರಿಗೆ ತಿಳಿಹೇಳುವುದು, ಗಾಡಿಗಳ ವೇಳೆ ಗೊತ್ತು ಮಾಡುವುದು, ಕೊಳ್ಳುವವರನ್ನು ಹುಡುಕುವುದು, ಎಷ್ಟು ಟನ್ ಉಳಿಯಿತು ಎಂದು ಲೆಕ್ಕ ಒಪ್ಪಿಸುವುದು ಅವರ ಕೆಲಸ. ಅಲ್ಲಿ ಮೊದಲು ಕಾನೂನು, ಆಮೇಲೆ ಹುದ್ದೆ, ಅದರ ಹಿಂದೆ ಅಭ್ಯಾಸ.

ಪುಣೆಯಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಮರುಬಳಕೆ ಯಾವ ಕಾನೂನಿಗೂ ಕಾಯದೆ ನಡೆದೇ ಇತ್ತು. ಹುದ್ದೆ ಇರಲಿಲ್ಲ, ಹೆಸರೂ ಇರಲಿಲ್ಲ.

ನಮ್ಮ ಮುನಿಸಿಪಾಲಿಟಿಗಳು ಹುಟ್ಟಿದ್ದೇ ಬೇರೆ ಚಿಂತೆಯಲ್ಲಿ. ಪುಣೆಯ ಪುರಸಭೆ ಹತ್ತೊಂಬತ್ತನೆಯ ಶತಮಾನದ್ದು. ಮಹಾತ್ಮ ಜ್ಯೋತಿಬಾ ಫುಲೆ 1876ರಿಂದ ಕೆಲವು ವರ್ಷ ಅದರ ಸದಸ್ಯರಾಗಿದ್ದರು. ಆ ಕಾಲದ ಅಧಿಕಾರಿಗಳಿಗೆ ಕಸ ಅಂದರೆ ರೋಗ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮರುವರ್ಷ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮನೆಮನೆಗೆ ಸೋಲ್ಜರುಗಳನ್ನು ನುಗ್ಗಿಸಿದ್ದು, ಜನ ರೊಚ್ಚಿಗೆದ್ದದ್ದು, ಚಾಪೇಕರ್ ಸಹೋದರರು ಅವನನ್ನು ಗುಂಡಿಟ್ಟು ಕೊಂದದ್ದು ಶಾಲೆಯ ಪಾಠದಲ್ಲೇ ಬರುತ್ತದೆ. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಅದೇ ಹೊತ್ತಿನವು. ಕಸವನ್ನು ಕಣ್ಣಿಗೆ ಕಾಣದಂತೆ ದೂರ ಸಾಗಿಸಬೇಕು ಎನ್ನುವುದು ಆಗಿನ ಸೂತ್ರ. ಆ ಸೂತ್ರ ಪಾಲಿಕೆಗಳ ರಕ್ತದಲ್ಲಿ ಉಳಿದುಬಿಟ್ಟಿತು. 1950ರ ಫೆಬ್ರವರಿಯಲ್ಲಿ ಪುಣೆ ಮಹಾನಗರಪಾಲಿಕೆ ಆಯಿತು. ಆಮೇಲೂ ಕಸದ ಕೆಲಸಕ್ಕೆ ಇದ್ದವರು ಝಾಡೂ ಹಿಡಿದ ಸಫಾಯಿ ಕಾರ್ಮಿಕರು, ಅವರ ಮೇಲೆ ಮುಕಾದಮ, ಮುಕಾದಮನ ಮೇಲೆ ಆರೋಗ್ಯ ನಿರೀಕ್ಷಕ. ಎತ್ತು, ತುಂಬು, ಸುರಿ: ಮೂರೇ ಕ್ರಿಯಾಪದ. ಬೇರ್ಪಡಿಸು ಎಂಬ ನಾಲ್ಕನೆಯದು ಆ ಪಟ್ಟಿಯಲ್ಲಿ ಇರಲಿಲ್ಲ.

ಹಾಗಂತ ಕಸದಲ್ಲಿ ಬೆಲೆ ಇದೆ ಅಂತ ಯಾರಿಗೂ ತೋಚಿರಲಿಲ್ಲ ಅಂತಲ್ಲ. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಎಂಬ ವಿಜ್ಞಾನಿ ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು 'ಬೆಂಗಳೂರು ಪದ್ಧತಿ'. ದೇಶದ ಎಷ್ಟೋ ಪುರಸಭೆಗಳು ಅದನ್ನು ಅನುಸರಿಸಿದವು. ಆಗಿನ ಕಸ ಅಂದರೆ ಬೂದಿ, ಎಲೆ, ಸಿಪ್ಪೆ, ಸಗಣಿ. ಗಾಜಿನ ಚೂರು, ಪ್ಲಾಸ್ಟಿಕ್ ಚೀಲ, ಬ್ಯಾಟರಿ ಎಲ್ಲ ಅದರಲ್ಲಿ ಬೆರೆಯತೊಡಗಿದ ಮೇಲೆ ರೈತ ಆ ಗೊಬ್ಬರವನ್ನು ಮುಟ್ಟಲಿಲ್ಲ. ಹೊಲದಲ್ಲಿ ಕಾಲಿಗೆ ಗಾಜು ಚುಚ್ಚಿಸಿಕೊಳ್ಳುವುದು ಯಾರಿಗೆ ಬೇಕು? ಹಸಿ ಬೇರೆ, ಒಣ ಬೇರೆ ಮಾಡದಿದ್ದರೆ ಎರಡೂ ಹಾಳು. ಇದು ಎಲ್ಲರಿಗೂ ಗೊತ್ತಿದ್ದ ಮಾತೇ. ಬೇರೆ ಮಾಡುವವರು ಯಾರು ಎನ್ನುವುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಪಾಲಿಕೆ ಸುರಿಯುತ್ತಲೇ ಹೋಯಿತು. ನಾನು 1980ರ ದಶಕದಲ್ಲಿ ಇಲ್ಲಿಗೆ ಬಂದಾಗ ಕೋಥ್ರೂಡ್ ಊರಿನ ಅಂಚು. ಅಲ್ಲೊಂದು ಕಚರಾ ಡೆಪೋ ಇತ್ತು. ಊರು ಬೆಳೆದು ಡೆಪೋದ ಸುತ್ತ ಮನೆಗಳೆದ್ದವು. ಕಸ ಇನ್ನೂ ದೂರಕ್ಕೆ, ಊರಳಿ ದೇವಾಚಿ ಎಂಬ ಹಳ್ಳಿಗೆ ಹೋಯಿತು. ಕೋಥ್ರೂಡದ ಆ ಜಾಗದಲ್ಲಿ ಈಗ ಮೆಟ್ರೋ ರೈಲುಗಳು ರಾತ್ರಿ ತಂಗುತ್ತವೆ. 2022ರ ಮಾರ್ಚ್‌ನಲ್ಲಿ ಅಲ್ಲಿಯೇ ಪಕ್ಕದ ವನಾಜ್‌ನಿಂದ ರೈಲು ಓಡಾಟ ಶುರುವಾಯಿತು. ಆದರೆ ಊರಳಿಯ ಜನ ಕೇಳಿದ್ದು ನ್ಯಾಯವಾದ ಪ್ರಶ್ನೆ: ಪುಣೆಯ ಕಸಕ್ಕೆ ನಮ್ಮ ಬಾವಿ ನೀರು ಯಾಕೆ ಕೆಡಬೇಕು? 2014-15ರಲ್ಲಿ ಅವರು ಲಾರಿಗಳನ್ನು ತಡೆದು ನಿಲ್ಲಿಸಿದಾಗ ಪುಣೆಯ ಬೀದಿಗಳಲ್ಲಿ ಕಸ ಕೊಳೆಯಿತು. ಬೆಂಗಳೂರಿನವರಿಗೆ ಮಾವಳ್ಳಿಪುರ, ಮಂಡೂರು ಅಂದರೆ ಹೇಗೋ ನಮಗೆ ಊರಳಿ ಹಾಗೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಬೆಳಗಿನ ಐದು ಗಂಟೆಗೆ ಚೀಲ ಹೆಗಲಿಗೇರಿಸಿ ಹೊರಟ ಹೆಂಗಸರು ಕಚರಾಕುಂಡಿಗಳ ಸುತ್ತ ಇದ್ದೇ ಇದ್ದರು. ಅವರಲ್ಲಿ ಬಹುಪಾಲು ದಲಿತ ಜಾತಿಗಳವರು. 1972ರ ಭೀಕರ ಬರದಲ್ಲಿ ಮರಾಠವಾಡದಿಂದ ಗುಳೆ ಬಂದ ಕುಟುಂಬಗಳೂ ಅವರಲ್ಲಿದ್ದವು. ಹೊಲವಿಲ್ಲ, ಅಕ್ಷರವಿಲ್ಲ, ಮನೆಗೆಲಸಕ್ಕೆ ಒಳಗೆ ಬಿಟ್ಟುಕೊಳ್ಳುವವರಿಲ್ಲ. ಯಾರ ಅಪ್ಪಣೆಯೂ ಬೇಕಿಲ್ಲದ ಕೆಲಸ ಇದೊಂದೇ. ಹೊತ್ತೇರುವುದರೊಳಗೆ ಹತ್ತಾರು ಕಿಲೋಮೀಟರು ನಡೆದು ಆರಿಸಿದ್ದನ್ನು ಫುಟ್‌ಪಾತಿನಲ್ಲಿ ಕೂತು ಬಿಡಿಸುತ್ತಿದ್ದರು. ರದ್ದಿ ಬೇರೆ, ಪುಠ್ಠಾ ಬೇರೆ, ಬಿಳಿ ಕಾಗದ ಬೇರೆ, ಕಾಚ್ ಬೇರೆ, ಪತ್ರಾ ಬೇರೆ. ಪ್ಲಾಸ್ಟಿಕ್ಕಿನಲ್ಲೇ ಎಷ್ಟೋ ಜಾತಿ. ಬಗ್ಗಿಸಿ, ಮುರಿದು, ಸದ್ದು ಕೇಳಿ, ಯಾವುದು ಯಾವ ಗೋಣಿಗೆ ಅಂತ ಅವರು ಹೇಳುವ ಚುರುಕು ನಮ್ಮಂಥ ಪದವೀಧರರಿಗೆ ಬಾರದು. ಆಮೇಲೆ ತೂಕ, ಸಣ್ಣ ಅಂಗಡಿ, ಅಲ್ಲಿಂದ ದೊಡ್ಡ ವ್ಯಾಪಾರಿ, ಅಲ್ಲಿಂದ ಕಾಗದದ ಗಿರಣಿ, ಗಾಜಿನ ಕುಲುಮೆ, ಪ್ಲಾಸ್ಟಿಕ್ ಕಾರ್ಖಾನೆ. ಈ ಸರಪಳಿಯ ಒಂದೊಂದು ಕೊಂಡಿಯೂ ಲಾಭ ಮಾಡಿತು. ಮೊದಲ ಕೊಂಡಿಗೆ ದಕ್ಕಿದ್ದು ಕಡಿಮೆ. ಜೊತೆಗೆ ಕಳ್ಳಿ ಎಂಬ ಹೆಸರು. ಎಲ್ಲೇ ಕೊಳಾಯಿ ಕಳುವಾದರೂ ಪೊಲೀಸರು ಮೊದಲು ಹಿಡಿಯುತ್ತಿದ್ದುದು ಚೀಲದವಳನ್ನು.

ಬದಲಾವಣೆ ಶುರುವಾದದ್ದು ಒಂದು ಕಲಿಕಾ ಕಾರ್ಯಕ್ರಮದಿಂದ. ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಪುಣೆ ಶಾಖೆಯಲ್ಲಿ ವಯಸ್ಕರ ಶಿಕ್ಷಣದ ವಿಭಾಗವಿತ್ತು. ಅಲ್ಲಿಯ ಲಕ್ಷ್ಮಿ ನಾರಾಯಣ್, ಪೂರ್ಣಿಮಾ ಚಿಕರಮಾನೆ ಮತ್ತು ಅವರ ಜೊತೆಗಾರರು 1990ರ ಹೊತ್ತಿಗೆ ಕಸ ಆರಿಸುವ ಮಕ್ಕಳಿಗೆ, ಹೆಂಗಸರಿಗೆ ಅಕ್ಷರ ಕಲಿಸಲು ಹೋದರು. ಪಾಠಕ್ಕೆ ಕೂರಲು ಅವರಿಗೆ ಹೊತ್ತೆಲ್ಲಿದೆ? ಕಲಿಸುವವರೇ ಅವರ ಜೊತೆ ಕಸದ ಸುತ್ತಿಗೆ ಹೊರಟರು. ಹಾಗೆ ನಡೆದಾಗ ಗೊತ್ತಾಯಿತು: ಮನೆಯಲ್ಲೇ ಒಣ ಕಸ ಬೇರೆ ಇಟ್ಟು ಕೈಗೆ ಕೊಟ್ಟರೆ ಈ ಹೆಂಗಸರು ಕುಂಡಿಯೊಳಗೆ ಕೈಹಾಕಬೇಕಿಲ್ಲ, ಕೆಲಸದ ಹೊತ್ತು ಇಳಿಯುತ್ತದೆ, ಸಂಪಾದನೆ ಏರುತ್ತದೆ. ಸುಮಾರು ಮೂವತ್ತು ಹೆಂಗಸರಿಗೆ ಗುರುತಿನ ಚೀಟಿ ಮಾಡಿಸಿ, ಬಡಾವಣೆಯ ಮನೆಗಳಿಗೆ ಹೋಗಿ ಪರಿಚಯಿಸಿದರು. ಕೆಲಸ ಕುದುರುವಷ್ಟರಲ್ಲಿ ಉದ್ಯಮಿಯೊಬ್ಬರು ಗಾಡಿ ತಂದು ಅದೇ ಮನೆಗಳ ಕಸ ಎತ್ತತೊಡಗಿದರು. ಹೆಂಗಸರು ತಡೆದು ನಿಂತರು, ಗೆದ್ದರು ಕೂಡ. ಆದರೆ ಒಂದು ಪಾಠ ಕಲಿತರು: ಮೂವತ್ತು ಜನರಿಂದ ಆಗುವ ಕೆಲಸ ಇದಲ್ಲ.

1993ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕಸ ಆರಿಸುವವರ ಸಮಾವೇಶ ನಡೆಯಿತು. ಎಂಟುನೂರಕ್ಕೂ ಹೆಚ್ಚು ಮಂದಿ ಸೇರಿದರು. ಮುಂದೆ ನಿಂತವರು ಡಾ. ಬಾಬಾ ಆಢಾವ್, ಮಂಡಿಯಲ್ಲಿ ಮೂಟೆ ಹೊರುವವರಿಗಾಗಿ ಹಮಾಲ್ ಪಂಚಾಯತ್ ಕಟ್ಟಿದವರು, 'ಒಂದು ಊರು, ಒಂದೇ ನೀರಿನ ನೆಲೆ' ಎಂಬ ಚಳವಳಿ ನಡೆಸಿದವರು. ಅವರು 2025ರ ಡಿಸೆಂಬರ್‌ನಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಮಾವೇಶದಲ್ಲಿ ಹುಟ್ಟಿದ ಸಂಘದ ಹೆಸರು 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್'. ಕಾಗದ, ಗಾಜು, ತಗಡಿನ ಶ್ರಮಿಕರ ಪಂಚಾಯತಿ ಎಂದು ಅರ್ಥ. ಇಲ್ಲಿ ಪತ್ರಾ ಅಂದರೆ ಕಾಗದಪತ್ರವಲ್ಲ. ನಮ್ಮ ಉತ್ತರ ಕರ್ನಾಟಕದವರು ಪತ್ರಾಸ್ ಮನಿ ಅನ್ನುತ್ತಾರಲ್ಲ, ಆ ಪತ್ರಾಸು. ಹೆಸರಿನಲ್ಲಿ 'ಕಸ' ಎಂಬ ಮಾತೇ ಇಲ್ಲ ಎನ್ನುವುದನ್ನು ಗಮನಿಸಿ. ತಾವು ಮುಟ್ಟುವುದು ಕಸವನ್ನಲ್ಲ, ಮಾಲನ್ನು ಎಂದು ಅವರು ಹೆಸರಿನಲ್ಲೇ ಸಾರಿದರು.

ಸಂಘದ ಮೊದಲ ಬೇಡಿಕೆ ಸಂಬಳವಲ್ಲ, ಗುರುತಿನ ಚೀಟಿ. 1995-96ರಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಪಾಲಿಕೆಗಳು ಸಂಘ ಕೊಟ್ಟ ಫೋಟೋ ಚೀಟಿಗಳಿಗೆ ತಮ್ಮ ಮೊಹರು ಹಾಕಿದವು. ಆ ಮೊಹರಿನ ಅರ್ಥ, ಇವರು ಮಾಡುತ್ತಿರುವುದು ಊರಿನ ಕೆಲಸ ಎಂದು ಊರಿನ ಸರ್ಕಾರವೇ ಒಪ್ಪಿತು. ನಮ್ಮ ಸೊಸಾಯಿಟಿಗೆ ಬರುತ್ತಿದ್ದ ಇಂಡಿ ಕಡೆಯ ಒಬ್ಬ ಹೆಣ್ಣುಮಗಳು ಇದನ್ನು ನನಗೆ ತಿಳಿಸಿಕೊಟ್ಟಷ್ಟು ಚೆನ್ನಾಗಿ ಯಾವ ವರದಿಯೂ ತಿಳಿಸಲಿಲ್ಲ. ನಾನೂ ನನ್ನ ಹೆಂಡತಿಯೂ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, 'ಅಣ್ಣಾರ, ನೀವ್ ನಮ್ ಕಡ್ಯಾವ್ರೇನ್ರಿ?' ಎಂದು ಮಾತು ತೆಗೆದವಳು ಅವಳು. ಕೊರಳಲ್ಲಿ ನೇತಾಡುತ್ತಿದ್ದ ಚೀಟಿಯ ಬಗ್ಗೆ ಕೇಳಿದ್ದಕ್ಕೆ ಹೇಳಿದಳು: 'ಮೊದ್ಲ ಚೀಲ ಕಂಡ್ರ ಸಾಕ್ರಿ, ಎಲ್ಲಿ ಕದ್ದಿ ಅಂತ ಕೇಳ್ತಿದ್ರು. ಇದು ಬಂದ್ ಮ್ಯಾಲ ಚೀಲ ನಂದಾತ್ರಿ.'

ಚೀಲ ನಂದಾಯ್ತು. ಮುಂದಿನ ಮೂವತ್ತು ವರ್ಷಗಳ ಜಗಳವೆಲ್ಲ ಈ ಒಂದು ಮಾತಿನ ಸುತ್ತಲೇ ನಡೆಯಿತು: ನಾವು ಬಿಸಾಡಿದ ಮೇಲೆ ಮಾಲು ಯಾರದು?

ದೇಶದ ಮಟ್ಟದಲ್ಲಿ ಇದಕ್ಕೆ ಕಾನೂನಿನ ರೂಪ ಬಂದದ್ದು ಬೆಂಗಳೂರಿನಿಂದ. ಅಲ್ಲಿಯ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು; ಊರೂರಿನ ಕಸ ಬಯಲಿಗೆ ಬೀಳುವುದು ನಿಲ್ಲಬೇಕು ಎನ್ನುವುದು ಅವರ ಅಹವಾಲು. ಅದರ ಫಲವಾಗಿ 2000ದಲ್ಲಿ ಕೇಂದ್ರದ ನಿಯಮಗಳು ಬಂದವು. ಮನೆಬಾಗಿಲಿಗೆ ಹೋಗಿ ಕಸ ಪಡೆಯಬೇಕು, ಬೇರ್ಪಡಿಸಬೇಕು, ಮರುಬಳಕೆ ಮಾಡಬೇಕು ಎಂದು ಅವು ಹೇಳಿದವು. ಒಳ್ಳೆಯ ನಿಯಮ. ಆದರೆ ಕಸ ಆರಿಸುವವರಿಗೆ ಅದರಲ್ಲೇ ಒಂದು ಅಪಾಯ ಅಡಗಿತ್ತು. ಮನೆಬಾಗಿಲಿನ ಕಸವೆಲ್ಲ ಗುತ್ತಿಗೆದಾರನ ಗಾಡಿಗೆ ಬಿದ್ದರೆ ಬೀದಿಯ ಕುಂಡಿಗಳು ಖಾಲಿ. ಕುಂಡಿ ಖಾಲಿಯಾದರೆ ಚೀಲವೂ ಖಾಲಿ.

ಸಂಘದವರು ಇದನ್ನು ಮೊದಲೇ ಕಂಡರು. ಬರೀ ಘೋಷಣೆ ಕೂಗುತ್ತ ಕೂರದೆ ಲೆಕ್ಕ ಹಾಕಿದರು. 2001ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಮಾಡಿದ ಒಂದು ಅಧ್ಯಯನ, ಈ ಹೆಂಗಸರು ಎತ್ತಿಕೊಂಡು ಹೋಗುವ ಮಾಲಿನಿಂದ ಪಾಲಿಕೆಗೆ ಬರೀ ಲಾರಿ ಸಾಗಾಣಿಕೆಯಲ್ಲೇ ವರ್ಷಕ್ಕೆ ಕೋಟಿ ರೂಪಾಯಿಗೂ ಮೇಲ್ಪಟ್ಟು ಉಳಿಯುತ್ತಿದೆ ಎಂದು ತೋರಿಸಿತು. ಉಪಕಾರ ಮಾಡಿ ಎಂದು ಕೇಳುವುದಕ್ಕೂ ಉಳಿಸಿಕೊಟ್ಟದ್ದರಲ್ಲಿ ಪಾಲು ಕೇಳುವುದಕ್ಕೂ ವ್ಯತ್ಯಾಸವಿದೆ. 2002-03ರಲ್ಲಿ ಪಾಲಿಕೆ ನೋಂದಾಯಿತ ಕಸ ಆರಿಸುವವರ ಆರೋಗ್ಯ ವಿಮೆಯ ಕಂತು ಕಟ್ಟಲು ಒಪ್ಪಿತು. 2005ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಇದೇ ಹೆಂಗಸರು ಮನೆಬಾಗಿಲಿಗೆ ಹೋಗುವ ಪ್ರಯೋಗ ನಡೆಯಿತು. 2007ರಲ್ಲಿ 'ಸ್ವಚ್ಛ' ಎಂಬ ಸಹಕಾರ ಸಂಘ ಹುಟ್ಟಿತು. ಸದಸ್ಯರೂ ಅವರೇ, ಮಾಲೀಕರೂ ಅವರೇ. 2008ರಲ್ಲಿ ಪಾಲಿಕೆ ಅದರ ಜೊತೆ ಐದು ವರ್ಷದ ಕರಾರು ಮಾಡಿಕೊಂಡಿತು. ಕುಂಡಿಯ ಮುಂದೆ ಬಗ್ಗಿದವಳು ಈಗ ಕಾಲಿಂಗ್ ಬೆಲ್ ಒತ್ತಿದಳು.

ಈ ಕರಾರಿನ ಹೂರಣ ಸ್ವಲ್ಪ ಬಿಡಿಸಿ ಹೇಳಬೇಕು. ಮರುಬಳಕೆ ಸಂಯೋಜಕನ ಕೆಲಸ ಹುಟ್ಟಿದ್ದು ಇಲ್ಲೇ. ಕಸ ಎತ್ತುವವಳಿಗೆ ಪಾಲಿಕೆ ಸಂಬಳ ಕೊಡುವುದಿಲ್ಲ. ಆಕೆಗೆ ದುಡ್ಡು ಬರುವುದು ಎರಡು ಕಡೆಯಿಂದ: ಪ್ರತಿ ಮನೆ ತಿಂಗಳಿಗಿಷ್ಟು ಅಂತ ಕೊಡುವ ಶುಲ್ಕ, ಮತ್ತು ಒಣ ಕಸದಲ್ಲಿ ಆರಿಸಿದ ಮಾಲಿನ ಮಾರಾಟ. ಮಾಲು ಆಕೆಯದೇ ಎನ್ನುವುದು ಕರಾರಿನ ಜೀವ. ಹಸಿ ಕಸವನ್ನೂ, ಮಾರಾಟವಾಗದ ಉಳಿಕೆಯನ್ನೂ ಪಾಲಿಕೆಯ ಲಾರಿ ನಿಲ್ಲುವ ಜಾಗಕ್ಕೆ ತಂದು ಒಪ್ಪಿಸಿದರೆ ಮುಂದಿನದು ಪಾಲಿಕೆಯ ಹೊಣೆ. ಕೈಗಾಡಿ, ಬಕೆಟ್ಟು, ಕೈಗವಸು, ಮತ್ತು ಇದನ್ನೆಲ್ಲ ನಡೆಸಲು ಬೇಕಾದ ಸಿಬ್ಬಂದಿಯ ಖರ್ಚು, ಇದಿಷ್ಟು ಪಾಲಿಕೆಯದು. ಅಂದರೆ ಶ್ರಮಕ್ಕೆ ನಾಗರಿಕರ ಕಿಸೆ, ಮಾಲಿಗೆ ಪೇಟೆಯ ಕಿಸೆ, ಹೊಂದಿಸುವುದಕ್ಕೆ ಪಾಲಿಕೆಯ ಕಿಸೆ. ಮೂರು ಕಿಸೆಗಳ ನಡುವೆ ನಿಂತ ಮನುಷ್ಯನೇ ಸಮನ್ವಯಕ. ಇವರಲ್ಲಿ ಹೆಂಗಸರೂ ಇದ್ದಾರೆ, ಗಂಡಸರೂ ಇದ್ದಾರೆ. ಪಾಲಿಕೆಯ ನೌಕರರಲ್ಲ, ಆದರೆ ಪಾಲಿಕೆಯ ಕೆಲಸ.

ನಮ್ಮ ಸೊಸಾಯಿಟಿಯ ಕಾರ್ಯದರ್ಶಿಯ ಕುರ್ಚಿ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಬೇರೆ ಯಾರೂ ಒಪ್ಪದಿದ್ದದ್ದೇ ನನ್ನ ಅರ್ಹತೆ. ಆಗ ಈ ಸಮನ್ವಯಕರ ದಿನಚರಿಯನ್ನು ಹತ್ತಿರದಿಂದ ನೋಡಿದೆ. ಬೆಳಿಗ್ಗೆ ಆರೂವರೆಗೆ ವಾರ್ಡಿನಲ್ಲಿ ಹಾಜರಿ. ಯಾರು ಬಂದಿಲ್ಲ, ಅವರ ಮನೆಗಳನ್ನು ಯಾರಿಗೆ ಹಂಚುವುದು? ಮದುವೆ ದಿನಗಳಲ್ಲಿ, ಪಂಢರಪುರದ ವಾರಿಯ ದಿನಗಳಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಎಂಟಕ್ಕೆ ಫೋನುಗಳು: ಮೂರನೇ ಮಹಡಿಯವರು ಕಸ ಬೇರೆ ಮಾಡಿಲ್ಲ, ನಾಲ್ಕನೆಯವರು ಎರಡು ತಿಂಗಳಿಂದ ದುಡ್ಡು ಕೊಟ್ಟಿಲ್ಲ, ಐದನೆಯವರು ಲಿಫ್ಟಿನಲ್ಲಿ ಬರಬೇಡ ಅಂದಿದ್ದಾರೆ. ಒಂಬತ್ತಕ್ಕೆ ಪಾಲಿಕೆಯ ಲಾರಿ ಬಂದಿಲ್ಲ. ಹಸಿ ಕಸ ತುಂಬಿದ ಗಾಡಿಗಳು ರಸ್ತೆಯಲ್ಲಿ ಸಾಲಾಗಿ ನಿಂತಿವೆ. ಆರೋಗ್ಯ ನಿರೀಕ್ಷಕರಿಗೆ ಫೋನು, ಮುಕಾದಮನಿಗೆ ಫೋನು. ಮಧ್ಯಾಹ್ನ ಬೇರ್ಪಡಿಸಲು ಶೆಡ್ಡಿನ ಜಾಗಕ್ಕಾಗಿ ಕ್ಷೇತ್ರೀಯ ಕಾರ್ಯಾಲಯದಲ್ಲಿ ಕಾಯುವುದು. ಎಲ್ಲರೂ ಶೆಡ್ಡು ಬೇಕು ಅನ್ನುತ್ತಾರೆ. ನಮ್ಮ ಗಲ್ಲಿಯಲ್ಲಿ ಬೇಡ ಅನ್ನುತ್ತಾರೆ. ಸಂಜೆ ಸೊಸಾಯಿಟಿಗಳ ಸಭೆ.

ಅಂಥ ಒಂದು ಸಭೆಯಲ್ಲಿ ನಮ್ಮವರೇ ಒಬ್ಬರು ಕೇಳಿದರು: 'ಪಾಲಿಕೆಗೆ ತೆರಿಗೆ ಕಟ್ಟುತ್ತೇವೆ, ಮತ್ತೆ ಇವಳಿಗ್ಯಾಕೆ ದುಡ್ಡು? ಅವಳು ನಮ್ಮ ರದ್ದಿ ಮಾರಿ ಸಂಪಾದಿಸ್ತಾಳಲ್ಲ?' ಇದು ಪುಣೆಯ ನೂರಾರು ಸೊಸಾಯಿಟಿಗಳಲ್ಲಿ ಕೇಳಿಬಂದ ಪ್ರಶ್ನೆ. ಸಮನ್ವಯಕ ಹುಡುಗ, ಇನ್ನೂ ಇಪ್ಪತ್ತೈದರ ಆಸುಪಾಸು, ಸಮಾಧಾನದಿಂದ ಉತ್ತರಿಸಿದ. ಬೆಲೆಯಿರುವ ದಿನಪತ್ರಿಕೆ, ಬಾಟಲಿಗಳನ್ನು ನೀವೇ ಭಂಗಾರ್‌ವಾಲಾನಿಗೆ ಮಾರುತ್ತೀರಿ. ಅವಳ ಕೈಗೆ ಬರುವುದು ಚಿಪ್ಸಿನ ಪೊಟ್ಟಣ, ಹಾಲಿನ ಚೀಲ, ಮುರಿದ ಡಬ್ಬಿ. ಮಾಲಿನ ದುಡ್ಡು ಆರಿಸಿದ್ದಕ್ಕೆ, ಶುಲ್ಕ ಮೆಟ್ಟಿಲು ಹತ್ತಿದ್ದಕ್ಕೆ. ಸಭೆ ಗೊಣಗಿತು, ಆದರೂ ಒಪ್ಪಿತು. ನಾನು ಅವತ್ತು ಅಂದುಕೊಂಡೆ, ಈ ಹುದ್ದೆಯ ನಿಜವಾದ ಬಂಡವಾಳ ಗೌರವ ಕಳೆದುಕೊಳ್ಳದೆ ನೂರು ಸಲ ಅದೇ ಉತ್ತರ ಹೇಳುವ ತಾಳ್ಮೆ.

ಎಲ್ಲಕ್ಕಿಂತ ಕಷ್ಟದ ಮಾತು ಸ್ಯಾನಿಟರಿ ಪ್ಯಾಡುಗಳದು. ಬಿಚ್ಚಿಟ್ಟ ಪ್ಯಾಡು, ಡೈಪರುಗಳನ್ನು ಒಣ ಕಸದಲ್ಲಿ ಎಸೆದರೆ ಅದನ್ನು ಕೈಯಿಂದ ಬೇರೆ ಮಾಡಬೇಕಾದವಳು ಅವಳೇ. ಸಹಕಾರಿಯ ಹೆಂಗಸರು ಹಳೆಯ ಪತ್ರಿಕೆಗಳಿಂದ ಚೀಲ ಮಾಡಿ, ಇದರಲ್ಲಿ ಸುತ್ತಿ ಕೊಡಿ ಎಂದು ಮನೆಮನೆಗೆ ಮಾರಿದರು. 2013ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು: ಬಳಸಿದ ಪ್ಯಾಡುಗಳನ್ನು ಮೂಟೆ ಕಟ್ಟಿ ತಯಾರಿಸಿದ ಕಂಪನಿಗಳಿಗೇ ವಾಪಸು ಕಳಿಸಿದರು. ನೀವು ಮಾಡಿದ್ದು, ನೀವೇ ನೋಡಿಕೊಳ್ಳಿ. ಸರಕು ತಯಾರಿಸಿದವರಿಗೆ ಅದರ ಕೊನೆಯ ಹೊಣೆಯೂ ಇದೆ ಎಂಬ ಮಾತು 2016ರ ಕೇಂದ್ರ ನಿಯಮಗಳಲ್ಲಿ ಸೇರಿತು. ಅದೇ ನಿಯಮಗಳಲ್ಲಿ ಕಸ ಆರಿಸುವವರ ಹೆಸರೂ ಮೊದಲ ಬಾರಿಗೆ ಸ್ಪಷ್ಟವಾಗಿ ಬಂತು. ಅವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಲಾಯಿತು. ಪುಣೆಯ ಮೊಹರಿಗೂ ಕೇಂದ್ರದ ನಿಯಮಕ್ಕೂ ನಡುವೆ ಇಪ್ಪತ್ತು ವರ್ಷ.

ಇಷ್ಟಾದ ಮೇಲೆ ಎಲ್ಲ ಸುಖವಾಯಿತು ಅಂದುಕೊಳ್ಳಬಾರದು. ಮೊದಲ ಕರಾರು 2013ರಲ್ಲಿ ಮುಗಿಯಿತು. ಹೊಸದು ಆದದ್ದು 2016ರಲ್ಲಿ. ನಡುವಿನ ಕಾಲದಲ್ಲಿ ಕೈಗಾಡಿಯ ಚಕ್ರ ಮುರಿದರೂ ಕೇಳುವವರಿರಲಿಲ್ಲ. ಆದರೆ ಹೆಂಗಸರು ಒಂದು ದಿನವೂ ಬರುವುದನ್ನು ಬಿಡಲಿಲ್ಲ, ನಮ್ಮ ಮನೆಯ ಮಟ್ಟಿಗೆ ನಾನು ಸಾಕ್ಷಿ. ಆ ಕರಾರು 2020ರ ಕೊನೆಗೆ ಮುಗಿದಾಗ ಮತ್ತೆ ಅದೇ ಆತಂಕ. ಅದು ಕೊರೋನಾ ವರ್ಷ. ನಾವು ಬಾಗಿಲು ಹಾಕಿಕೊಂಡು ಕೂತಿದ್ದಾಗ ಬಾಗಿಲಿಗೆ ಬಂದವರು ಇವರೇ. ದೊಡ್ಡ ಕಂಪನಿಗೆ ಗುತ್ತಿಗೆ ಕೊಟ್ಟರೆ ಯಂತ್ರ ಬರುತ್ತದೆ, ಚಂದ ಕಾಣುತ್ತದೆ ಎಂಬ ವಾದ ನಗರಸೇವಕರಲ್ಲಿ ಹಲವರಿಗೆ ಹಿಡಿಸಿತ್ತು. ಆಗ 'ನಮಗೆ ಇವರೇ ಬೇಕು' ಎಂದು ಪತ್ರ ಬರೆದವರಲ್ಲಿ ಸಾವಿರಾರು ಮಂದಿ ಸಾಮಾನ್ಯ ನಾಗರಿಕರಿದ್ದರು. ಶುಲ್ಕಕ್ಕೆ ಗೊಣಗಿದ ನಮ್ಮ ಸೊಸಾಯಿಟಿಯವರೂ ಸಹಿ ಹಾಕಿದರು. ಆಮೇಲೆ ಮುದ್ದತು ಮುಂದುವರಿಯಿತು, ವ್ಯವಸ್ಥೆ ಉಳಿಯಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಬದುಕು ಒಂದು ಕಡತದ ಸಹಿಯ ಮೇಲೆ ತೂಗುವುದು ಎಂಥ ಸ್ಥಿತಿ ಎನ್ನುವುದು ಆ ಸಮಯದಲ್ಲಿ ಚೆನ್ನಾಗಿ ಕಂಡಿತು.

ಲಾರಿಯ ಗುತ್ತಿಗೆದಾರನಿಗೆ ಪಾಲಿಕೆ ದುಡ್ಡು ಕೊಡುವುದು ಸಾಮಾನ್ಯವಾಗಿ ತೂಕದ ಮೇಲೆ. ತೂಕ ಹೆಚ್ಚಿದಷ್ಟೂ ಬಿಲ್ಲು ಹೆಚ್ಚು. ಹಾಗಾದರೆ ಕಸ ಕಡಿಮೆ ಮಾಡಬೇಕೆಂದು ಅವನಿಗೆ ಯಾಕೆ ಅನಿಸಬೇಕು? ಆರಿಸುವವಳ ಲೆಕ್ಕ ಇದಕ್ಕೆ ವಿರುದ್ಧ. ಲಾರಿಗೆ ಹೋಗದೆ ಉಳಿದದ್ದೇ ಅವಳ ಸಂಪಾದನೆ. ಊರಿನ ಹಿತವೂ ಅವಳ ಹಿತವೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಇಷ್ಟು ಸರಳವಾದ ಮಾತನ್ನು ಪ್ರತಿ ಐದು ವರ್ಷಕ್ಕೊಮ್ಮೆ ಹೊಸ ಅಧಿಕಾರಿಗಳಿಗೆ, ಹೊಸ ನಗರಸೇವಕರಿಗೆ ಮೊದಲಿನಿಂದ ಹೇಳಬೇಕಾಗುತ್ತದೆ.

ಬೆಂಗಳೂರಿನ ಓದುಗರಿಗೆ ಇಲ್ಲಿಯ ಕಥೆ ಪೂರ್ತಿ ಪರಕೀಯವಲ್ಲ. ಪುಣೆಯ ಸಂಘಟನೆಯಲ್ಲಿ ಕೆಲಸ ಮಾಡಿದ್ದ ನಳಿನಿ ಶೇಖರ್ ಮುಂದೆ ಬೆಂಗಳೂರಿನಲ್ಲಿ 'ಹಸಿರು ದಳ' ಕಟ್ಟಿದವರಲ್ಲಿ ಒಬ್ಬರು. 2011ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಆಮೇಲೆ ವಾರ್ಡುಗಳಲ್ಲಿ ಒಣ ಕಸದ ಕೇಂದ್ರಗಳು ಬಂದವು. ಎಷ್ಟೋ ಕೇಂದ್ರಗಳನ್ನು ಆಯುವವರೇ ನಡೆಸುವಂತಾಯಿತು. ಪುಣೆಯದು ಮನೆಬಾಗಿಲಿನ ದಾರಿ, ಬೆಂಗಳೂರಿನದು ಕೇಂದ್ರದ ದಾರಿ. ಯಾವುದು ಮೇಲು ಎಂಬ ಪಂಥ ನನಗೆ ಬೇಡ. ಎರಡೂ ಕಡೆ ಶುರುವಾದದ್ದು ಅದೇ ಅಂಗೈಯಗಲದ ಚೀಟಿಯಿಂದ ಎನ್ನುವುದು ಮುಖ್ಯ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆ ಒಡೆದು ಐದಾಗಿದೆ. ಇಂಥ ಹೊತ್ತಿನಲ್ಲಿ ಹಳೆಯ ಪಾಲಿಕೆ ಕೊಟ್ಟ ಚೀಟಿಗಳನ್ನೂ ಒಪ್ಪಂದಗಳನ್ನೂ ಹೊಸ ಕಚೇರಿಗಳು ಮರೆಯದಂತೆ ನೋಡಿಕೊಳ್ಳುವುದು ಅಲ್ಲಿಯ ನಾಗರಿಕರ ಕೆಲಸ.

ನಮ್ಮ ಇತಿಹಾಸದ ಪುಸ್ತಕಗಳು ಊರು ಕಟ್ಟಿದವರ ಹೆಸರು ಬರೆಯುತ್ತವೆ. ಕೆರೆ ತೋಡಿಸಿದವರ, ಕೋಟೆ ಎಬ್ಬಿಸಿದವರ ಶಾಸನಗಳಿವೆ. ಊರು ಕೊಳೆಯದ ಹಾಗೆ ನೋಡಿಕೊಂಡವರ ಶಾಸನ ಎಲ್ಲಿಯೂ ಇಲ್ಲ. ಅವರ ದಾಖಲೆ ಅಂತ ಇರುವುದು ಪಾಲಿಕೆಯ ಮೊಹರು ಬಿದ್ದ ಆ ಫೋಟೋ ಚೀಟಿ ಒಂದೇ. ಅದರಲ್ಲಿ ಹೆಸರಿದೆ, ವಯಸ್ಸಿದೆ, ಕ್ರಮಸಂಖ್ಯೆಯಿದೆ. ಮೊದಲ ಸಮಾವೇಶಕ್ಕೆ ಬಂದ ತಲೆಮಾರಿನವರಿಗೆ ಈಗ ವಯಸ್ಸಾಗಿದೆ, ಮೊಣಕಾಲು ಸೋತಿವೆ. ಅವರ ಹೆಣ್ಣುಮಕ್ಕಳಲ್ಲಿ ಕೆಲವರು ಓದಿ ಬೇರೆ ಕೆಲಸಕ್ಕೆ ಹೋಗಿದ್ದಾರೆ; ಕೆಲವರು ಅದೇ ಗಾಡಿ ಹಿಡಿದಿದ್ದಾರೆ. ಗಾಡಿ ಹಿಡಿದವರಿಗೆ ಅಮ್ಮನಿಂದ ಬಂದ ಆಸ್ತಿ ಅಂದರೆ ಇಂಥ ಬೀದಿಯ ಇಷ್ಟು ಮನೆಗಳ ಒಣ ಕಸದ ಮೇಲಿನ ಹಕ್ಕು. ಹೊಲವಿಲ್ಲದವರು ಮೂವತ್ತು ವರ್ಷ ದುಡಿದು ಸಂಪಾದಿಸಿಕೊಂಡ ಆ ಹಕ್ಕು ಅವರ ಕೈಯಲ್ಲೇ ಉಳಿಯುತ್ತದೋ ಇಲ್ಲವೋ ಎನ್ನುವುದು ಮುಂದಿನ ಕರಾರಿನಲ್ಲಿ ತೀರ್ಮಾನವಾಗುತ್ತದೆ. ಅದಕ್ಕೂ ಮುಂದಿನದರಲ್ಲಿ ಮತ್ತೊಮ್ಮೆ.